ಹಳೇ ರೈಲ್ವೆ ಕ್ಯಾಬಿನ್‌ಗಳಲ್ಲಿ ಒಂದು ಲಿವರ್ ಇನ್ನೊಂದನ್ನು ತಡೆಯುತ್ತಿದ್ದದ್ದು ಹೇಗೆ?

ಪೆನ್ಸಿಲ್ವೇನಿಯಾ_ಕನ್ನಡಿಗ
ಎಲ್ಲರಿಗೂ ನಮಸ್ಕಾರ. ಇಲ್ಲಿ ಹ್ಯಾರಿಸ್‌ಬರ್ಗ್‌ನಲ್ಲಿ ‘ಹ್ಯಾರಿಸ್ ಟವರ್’ ಅಂತ ಹಳೇ ಇಂಟರ್‌ಲಾಕಿಂಗ್ ಟವರ್ ಒಂದಿದೆ, ಸಿಗ್ನಲ್ ಕೊಡೋ, ಹಳಿ ತಿರುಗಿಸೋ ಲಿವರ್‌ಗಳಿರೋ ಕಟ್ಟಡ. ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಯದ್ದು, 1930ರಲ್ಲಿ ಶುರುವಾಗಿ 1991ರಲ್ಲಿ ಮುಚ್ಚಿತು. ಈಗ ಮ್ಯೂಸಿಯಂ. ಮೊನ್ನೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮೇಲಿನ ಮಹಡಿಯಲ್ಲಿ 113 ಲಿವರ್‌ಗಳ ಉದ್ದನೆಯ ಯಂತ್ರ. ಹಿಂದೆ ಓಡುತ್ತಿದ್ದ ರೈಲುಗಳನ್ನು ಕಂಪ್ಯೂಟರ್‌ನಲ್ಲಿ ಓಡಿಸಿ ತೋರಿಸುತ್ತಾರೆ, ಅವಕ್ಕೆ ನಾವೇ ದಾರಿ ಮಾಡಿಕೊಡಬೇಕು. ಮಗಳು ಒಂದು ಲಿವರ್ ಎಳೆಯೋಕೆ ಹೋದಳು, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ‘ಮೊದಲು ಪಕ್ಕದ್ದನ್ನು ವಾಪಸ್ ಹಾಕು’ ಅಂದರು ಅಲ್ಲಿದ್ದ ಹಿರಿಯರು. ಹಾಕಿದ ಮೇಲೆ ಸಲೀಸಾಗಿ ಬಂತು.

ಅವತ್ತಿಂದ ತಲೆಯಲ್ಲಿ ಇದೇ ಕೊರೀತಿದೆ. ಕಂಪ್ಯೂಟರೇ ಇಲ್ಲದ ಕಾಲದಲ್ಲಿ ಯಾವ ಲಿವರ್ ಎಳೆಯಬಹುದು, ಯಾವುದು ಕೂಡದು ಅಂತ ಕಬ್ಬಿಣಕ್ಕೆ ಹೇಗೆ ಗೊತ್ತಾಗುತ್ತಿತ್ತು? ನಮ್ಮೂರ ಸ್ಟೇಷನ್‌ಗಳ ಎರಡೂ ಕಡೆ ಇದ್ದ ಕ್ಯಾಬಿನ್‌ಗಳಲ್ಲೂ ಇದೇ ಕೆಲಸ ನಡೀತಿತ್ತಾ?

ಹಳಿ_ಹುಚ್ಚ
ಅದೇ ಕೆಲಸ. ಅಮೆರಿಕದಲ್ಲಿ ಟವರ್, ಇಂಗ್ಲೆಂಡಿನಲ್ಲಿ ಸಿಗ್ನಲ್ ಬಾಕ್ಸ್, ನಮ್ಮಲ್ಲಿ ಕ್ಯಾಬಿನ್. ನಿಮ್ಮ ಅದೃಷ್ಟಕ್ಕೆ ಈ ವೇದಿಕೆಯಲ್ಲಿ ನಿವೃತ್ತ ಸ್ಟೇಷನ್ ಮಾಸ್ಟರ್ ಒಬ್ಬರಿದ್ದಾರೆ. ಸರ್, ಸ್ವಲ್ಪ ಬನ್ನಿ.

ಟೋಕನ್_ಮಾಸ್ಟರ್
ಬಂದೆ.

ಒಂದು ಸಣ್ಣ ಸ್ಟೇಷನ್ ಇಟ್ಕೊಳ್ಳೋಣ. ಒಂದು ಮೇನ್ ಲೈನ್, ಒಂದು ಲೂಪ್, ಅಂದರೆ ಪಕ್ಕಕ್ಕೆ ಕವಲೊಡೆದು ಮತ್ತೆ ಮೇನ್ ಲೈನಿಗೇ ಸೇರೋ ಹಳಿ. 2ನೇ ಲಿವರ್ ಮೇನ್ ಲೈನಿನ ಹೋಮ್ ಸಿಗ್ನಲ್, ಅಂದರೆ ರೈಲು ಸ್ಟೇಷನ್ ಒಳಗೆ ಬರೋಕೆ ಅನುಮತಿ ಕೊಡೋದು. 3ನೇದು ಲೂಪಿನ ಹೋಮ್ ಸಿಗ್ನಲ್. 5ನೇದು ಪಾಯಿಂಟ್, ಅಂದರೆ ರೈಲನ್ನು ಲೂಪಿಗೆ ತಿರುಗಿಸೋ ಹಳಿ. 6ನೇದು ಆ ಪಾಯಿಂಟಿನ ಲಾಕ್.

5 ಎಳೆಯದೆ 3 ಬರಲ್ಲ. 5 ಎಳೆದ ಮೇಲೆ 6 ಎಳೆದು ಪಾಯಿಂಟ್ ಭದ್ರ ಮಾಡಬೇಕು, ಆಮೇಲೇ ಸಿಗ್ನಲ್. 3 ಬಂದ ಕೂಡಲೇ 5 ಮತ್ತು 6 ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ. ರೈಲು ಒಳಗೆ ಬರುತ್ತಿರುವಾಗ ಯಾರೂ ಪಾಯಿಂಟ್ ತಿರುಗಿಸೋಕೆ ಆಗಲ್ಲ. 5 ಎಳೆದಿರುವಷ್ಟು ಹೊತ್ತು 2 ಕೂಡ ಬರಲ್ಲ, ಯಾಕೆಂದರೆ ಲೂಪಿಗೆ ತಿರುಗಿರೋ ಹಳಿಗೆ ಮೇನ್ ಲೈನಿನ ಸಿಗ್ನಲ್ ಕೊಡಬಾರದು. ವಾಪಸ್ ಹಾಕುವಾಗ ಉಲ್ಟಾ: ಮೊದಲು ಸಿಗ್ನಲ್, ಆಮೇಲೆ ಲಾಕ್, ಕೊನೆಗೆ ಪಾಯಿಂಟ್.

ಇದಿಷ್ಟೇ ಇಂಟರ್‌ಲಾಕಿಂಗ್. ಉಳಿದಿದ್ದೆಲ್ಲ ಇದರ ದೊಡ್ಡ ರೂಪ.

ಬೀರೂರು_ಜಂಕ್ಷನ್
ಲಿವರ್ ಬಣ್ಣ ಹೇಳಿ ಸರ್! ಕೆಂಪು ಸಿಗ್ನಲ್‌ಗೆ, ಕಪ್ಪು ಪಾಯಿಂಟ್‌ಗೆ, ನೀಲಿ ಲಾಕ್‌ಗೆ, ಕಂದು ಗೇಟ್‌ಗೆ, ಬಿಳಿ ಖಾಲಿ ಲಿವರ್‌ಗೆ. ಚಿಕ್ಕವನಿದ್ದಾಗ ಕಿಟಕಿಯಿಂದ ನೋಡಿ ಬಾಯಿಪಾಠ ಮಾಡಿದ್ದೆ.

ಯಂತ್ರಜ್ಞೆ_ಶಿವಮೊಗ್ಗ
ಮೂಲ ಪ್ರಶ್ನೆ ಕಬ್ಬಿಣಕ್ಕೆ ಹೇಗೆ ಗೊತ್ತು ಅನ್ನೋದು. ಆಫೀಸಿನ ಸ್ಟೀಲ್ ಫೈಲ್ ಕಪಾಟಿನಲ್ಲಿ ಒಂದು ಡ್ರಾಯರ್ ಎಳೆದರೆ ಉಳಿದವು ಬರಲ್ಲ ಅಲ್ವಾ, ತತ್ವ ಅಷ್ಟೇ. ಪ್ರತಿ ಲಿವರ್‌ನ ಕೆಳಗೆ ಟ್ಯಾಪೆಟ್ ಅನ್ನೋ ಚಪ್ಪಟೆ ಉಕ್ಕಿನ ಪಟ್ಟಿ ಇರುತ್ತೆ. ಲಿವರ್ ಎಳೆದರೆ ಪಟ್ಟಿ ಉದ್ದಕ್ಕೆ ಸರಿಯುತ್ತೆ. ಅದರ ಅಂಚಿನಲ್ಲಿ ಓರೆಯಾಗಿ ಕೊರೆದ ಕಚ್ಚು, ಕಚ್ಚಿನಲ್ಲಿ ಕೂರೋ ಮೊನಚು ಮೂತಿಯ ಒಂದು ತುಂಡು. ಪಟ್ಟಿ ಸರಿದಾಗ ಆ ತುಂಡು ಕಚ್ಚಿನಿಂದ ಜಾರಿ ಅಡ್ಡಕ್ಕೆ ಹೋಗಿ ಪಕ್ಕದ ಪಟ್ಟಿಯ ಕಚ್ಚಿನಲ್ಲಿ ಕೂರುತ್ತೆ. ಇನ್ನು ಪಕ್ಕದ ಲಿವರ್ ಅಲ್ಲಾಡಲ್ಲ.

ಯಾವ ಪಟ್ಟಿಯಲ್ಲಿ ಎಲ್ಲಿ ಕಚ್ಚು ಹಾಕಬೇಕು ಅನ್ನೋದೇ ಬುದ್ಧಿಯೆಲ್ಲ. ಅದನ್ನು ಲಾಕಿಂಗ್ ಟೇಬಲ್ ಅಂತ ಕಾಗದದ ಮೇಲೆ ಮೊದಲು ಬರೆಯುತ್ತಾರೆ. ಯಾವ ಲಿವರ್ ಯಾವುದನ್ನು ಬಿಡುತ್ತೆ, ಯಾವುದನ್ನು ಹಿಡಿಯುತ್ತೆ ಅಂತ ಸಾಲು ಸಾಲಾಗಿ. ಆ ಟೇಬಲ್ ಸರಿಯಿದ್ದರೆ ಉಕ್ಕು ಅದನ್ನು ಮರೆಯಲ್ಲ. ನಾನು ಮೆಕ್ಯಾನಿಕಲ್ ಓದಿದವಳು. ಇಷ್ಟು ಚೊಕ್ಕವಾದ ತರ್ಕವನ್ನು ಲೋಹದಲ್ಲಿ ಬೇರೆ ಎಲ್ಲೂ ಕಂಡಿಲ್ಲ.

ಕೋಡ್_ಬರೆಯೋನು
ಅಂದರೆ ಲಾಜಿಕ್ ಗೇಟ್! 19ನೇ ಶತಮಾನದಲ್ಲಿ!

ಹಳಿ_ಹುಚ್ಚ
ಹೌದು, 1856ರಲ್ಲಿ. ಜಾನ್ ಸ್ಯಾಕ್ಸ್‌ಬಿ ಅನ್ನೋ ಇಂಗ್ಲಿಷ್ ಬಡಗಿ ಇಂಟರ್‌ಲಾಕಿಂಗ್ ಕಂಡುಹಿಡಿದ.

ಇತಿಹಾಸ_ಪ್ರಿಯೆ
ಪೂರ್ತಿ ಹಾಗಲ್ಲ. 1856ರ ಪೇಟೆಂಟಿನಲ್ಲಿ ಸ್ಯಾಕ್ಸ್‌ಬಿ ಮಾಡಿದ್ದು ಪಾಯಿಂಟ್ ಮತ್ತು ಸಿಗ್ನಲ್ ಎರಡನ್ನೂ ಒಟ್ಟಿಗೆ ಅಲ್ಲಾಡಿಸೋ ವ್ಯವಸ್ಥೆ. ಮೇಲೆ ಸರ್ ಹೇಳಿದ ‘ಮೊದಲು ಪಾಯಿಂಟ್, ಆಮೇಲೆ ಸಿಗ್ನಲ್’ ಅನ್ನೋ ಕ್ರಮ ಅದರಲ್ಲಿ ಇರಲಿಲ್ಲ. ಪಾಯಿಂಟ್ ಅರ್ಧ ದಾರಿಯಲ್ಲಿ ನಿಂತರೆ ಸಿಗ್ನಲ್ ಕೂಡ ಅರ್ಧ ಬೀಳುತ್ತೆ, ಡ್ರೈವರ್ ಏನಂತ ತಿಳಿಯಬೇಕು? ಆ ಕ್ರಮ ತಂದಿದ್ದು 1860ರಲ್ಲಿ ಆಸ್ಟಿನ್ ಚೇಂಬರ್ಸ್, ಲಂಡನ್ನಿನ ಕೆಂಟಿಶ್ ಟೌನ್ ಜಂಕ್ಷನ್‌ನಲ್ಲಿ. ಆಮೇಲೆ ಸ್ಯಾಕ್ಸ್‌ಬಿಯೂ ತನ್ನದನ್ನು ಸುಧಾರಿಸಿಕೊಂಡ. ಸ್ಯಾಕ್ಸ್‌ಬಿ ಅಂಡ್ ಫಾರ್ಮರ್ ಕಂಪನಿಯ ಲಿವರ್ ಫ್ರೇಮ್‌ಗಳು ಊರೂರಿಗೆ ಹೋದವು. ಅಮೆರಿಕಕ್ಕೂ ಇಂಟರ್‌ಲಾಕಿಂಗ್ ಮೊದಲು ಕಾಲಿಟ್ಟಿದ್ದು ಅವರದ್ದೇ ಯಂತ್ರದಿಂದ, 1870ರಲ್ಲಿ, ನ್ಯೂಜೆರ್ಸಿಯ ಟ್ರೆಂಟನ್ ಬಳಿ.

ಇಂಗ್ಲೆಂಡಿನಲ್ಲಿ ಎಲ್ಲ ಕಂಪನಿಗಳೂ ಖುಷಿಯಿಂದ ಹಾಕಿಸಿಕೊಳ್ಳಲಿಲ್ಲ, ಖರ್ಚು ಜಾಸ್ತಿ ಅಂತ ಮುಂದೂಡಿದರು. 1889ರ ಜೂನ್ 12ಕ್ಕೆ ಐರ್ಲೆಂಡಿನ ಆರ್ಮಾದಲ್ಲಿ ಪ್ರವಾಸ ಹೊರಟಿದ್ದ ರೈಲಿನ ಬೋಗಿಗಳು ಏರಿನಲ್ಲಿ ಹಿಂದಕ್ಕೆ ಉರುಳಿ, ಹಿಂದೆ ಬರ್ತಿದ್ದ ರೈಲಿಗೆ ಬಡಿದವು. 80 ಜನ ಸತ್ತರು, ಅದರಲ್ಲಿ ಎಷ್ಟೋ ಮಕ್ಕಳು. ಅದೇ ವರ್ಷ ಪಾರ್ಲಿಮೆಂಟ್ ಕಾನೂನು ಮಾಡಿತು: ಪ್ರಯಾಣಿಕರ ಲೈನುಗಳಲ್ಲಿ ಇಂಟರ್‌ಲಾಕಿಂಗ್, ಬ್ಲಾಕ್ ಪದ್ಧತಿ (ಹಳಿಯ ಒಂದು ಭಾಗದಲ್ಲಿ ಒಂದು ಸಲಕ್ಕೆ ಒಂದೇ ರೈಲು), ರೈಲಿನುದ್ದಕ್ಕೂ ತಾನಾಗೇ ಹಿಡಿಯೋ ಬ್ರೇಕ್, ಮೂರೂ ಕಡ್ಡಾಯ.

ಬೀರೂರು_ಜಂಕ್ಷನ್
ಆರ್ಮಾದಲ್ಲಿ ಆಗಿದ್ದು ಬ್ರೇಕಿನ ಸಮಸ್ಯೆ ಅಲ್ವಾ? ಇಂಟರ್‌ಲಾಕಿಂಗ್‌ಗೂ ಅದಕ್ಕೂ ಏನು ಸಂಬಂಧ?

ಇತಿಹಾಸ_ಪ್ರಿಯೆ
ಅಪಘಾತಕ್ಕೆ ಬ್ರೇಕ್ ಕಾರಣ, ಎರಡು ರೈಲುಗಳ ನಡುವೆ ಸಮಯದ ಅಂತರ ಬಿಟ್ಟರೆ ಸಾಕು ಅನ್ನೋ ಹಳೇ ಪದ್ಧತಿಯೂ ಕಾರಣ. ಆದರೆ ರೈಲ್ವೆ ಇನ್‌ಸ್ಪೆಕ್ಟರುಗಳು ವರ್ಷಗಟ್ಟಲೆ ಈ ಮೂರಕ್ಕೂ ಒತ್ತಾಯಿಸುತ್ತಿದ್ದರು. ಜನ ರೊಚ್ಚಿಗೆದ್ದಾಗ ಮೂರೂ ಒಂದೇ ಕಾನೂನಿನಲ್ಲಿ ಬಂದವು.

ಕ್ಯಾಬಿನ್_ಮನೆ_ಹುಡುಗ
ನಮ್ಮ ತಂದೆ ಲಿವರ್‌ಮನ್ ಆಗಿದ್ದರು. ದಕ್ಷಿಣ ರೈಲ್ವೆ, ಮೀಟರ್ ಗೇಜ್ ಕಾಲ. ಪುಸ್ತಕದಲ್ಲಿ ಸಿಗದ ಒಂದೆರಡು ಮಾತು ಹೇಳ್ತೀನಿ.

ಲಿವರ್ ಎಳೆಯೋದು ತೋಳಿನ ಕೆಲಸ ಅಂದ್ಕೋತಾರೆ. ತೋಳಿನಲ್ಲಿ ಎಳೆದರೆ ಒಂದೇ ಪಾಳಿಗೆ ಭುಜ ಬಿದ್ದುಹೋಗುತ್ತೆ. ಅಪ್ಪ ಮೊದಲು ಹಿಡಿಯ ಹಿಂದಿನ ಕೊಂಡಿ ಒತ್ತಿ ಹಿಡೀತಿದ್ದರು. ಒಂದು ಕಾಲು ಫ್ರೇಮಿನ ಅಂಚಿಗೆ ಕೊಟ್ಟು, ಮೈಭಾರ ಪೂರ್ತಿ ಹಿಂದಕ್ಕೆ ಬಿಡ್ತಿದ್ದರು. ದೂರದ ಸಿಗ್ನಲ್ ಆದರೆ ತಂತಿ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಓಡುತ್ತೆ, ರಾಟೆಗಳ ಮೇಲೆ. ಆ ತಂತಿಯ ಜಡ ಎಲ್ಲ ಕೈಗೆ ಬರುತ್ತೆ. ಕೈಯಲ್ಲಿ ಸದಾ ಒಂದು ಬಟ್ಟೆ. ಬೆವರು ತಾಗಿದರೆ ಹಿಡಿಗೆ ತುಕ್ಕು ಹಿಡಿಯುತ್ತೆ ಅಂತ ಬರಿಗೈಲಿ ಮುಟ್ಟೋಕೆ ನಮ್ಮನ್ನು ಬಿಡ್ತಿರಲಿಲ್ಲ.

ಬೇಸಿಗೆ ಮಧ್ಯಾಹ್ನ ತಂತಿ ಹಿಗ್ಗಿ ಸಡಿಲ ಆಗುತ್ತಿತ್ತು. ಲಿವರ್ ಪೂರ್ತಿ ಬಂದರೂ ಸಿಗ್ನಲ್ಲಿನ ಕೈ ಪೂರ್ತಿ ತಿರುಗುತ್ತಿರಲಿಲ್ಲ. ಆಗ ಅಡ್ಜಸ್ಟರ್ ತಿರುಗಿಸಿ ಬಿಗಿ ಮಾಡಬೇಕು. ರಾತ್ರಿ ತಂಪಾದರೆ ಮತ್ತೆ ಸಡಿಲಿಸಬೇಕು. ಮರೆತರೆ ಲಿವರ್ ವಾಪಸ್ ಹಾಕಿದ ಮೇಲೂ ಕೈ ಸ್ವಲ್ಪ ಬಾಗಿಯೇ ನಿಲ್ಲುತ್ತೆ. ಅದಕ್ಕೇ ಅಪ್ಪ ಲಿವರ್ ಹಾಕಿದ ಮೇಲೆ ಕಿಟಕಿಯಿಂದ ಸಿಗ್ನಲ್ ನೋಡದೆ ಕೂತಿದ್ದೇ ಇಲ್ಲ.

ಟೋಕನ್_ಮಾಸ್ಟರ್
ಸರಿಯಾಗಿ ಹೇಳಿದಿರಿ ತಮ್ಮಾ. ನಿಮ್ಮ ತಂದೆಯಂಥವರ ಮೇಲೆ ಭರವಸೆ ಇಟ್ಟು ನಾವು ಲೈನ್ ಕ್ಲಿಯರ್, ಅಂದರೆ ರೈಲು ಬರಬಹುದು ಅನ್ನೋ ಒಪ್ಪಿಗೆ, ಕೊಡ್ತಿದ್ದೆವು. ನಿಮ್ಮ ಕಡೆ ಡಬಲ್ ವೈರ್, ಅಂದರೆ ಎಳೆಯೋಕೆ ಒಂದು, ವಾಪಸ್ ತರೋಕೆ ಒಂದು ತಂತಿ ಇರೋದು, ಇತ್ತಾ?

ಕ್ಯಾಬಿನ್_ಮನೆ_ಹುಡುಗ
ಆಮೇಲೆ ವರ್ಗವಾದ ಸ್ಟೇಷನ್‌ನಲ್ಲಿ ಇತ್ತು ಸರ್. ಅಲ್ಲಿ ಲಿವರ್ ಮೇಲಿನಿಂದ ಪೂರ್ತಿ ಕೆಳಕ್ಕೆ ಬೀಳುತ್ತಿತ್ತು, ಅರ್ಧ ಸುತ್ತು. ಕ್ಯಾಬಿನ್ ಕೆಳಗೆ ತಂತಿ ಬಿಗಿ ಹಿಡಿಯೋಕೆ ದೊಡ್ಡ ದೊಡ್ಡ ತೂಕಗಳು ನೇತಾಡುತ್ತಿದ್ದವು. ಆ ಕಡೆ ಸುಳಿದರೆ ಏಟು ಗ್ಯಾರಂಟಿ. ತಂತಿ ತುಂಡಾದರೆ ಆ ತೂಕ ಧಡ್ ಅಂತ ಬೀಳುತ್ತೆ.

ಮೈಸೂರು_ಪ್ಯಾಸೆಂಜರ್
ತಂತಿ ತುಂಡಾದರೆ ಸಿಗ್ನಲ್ ಏನಾಗುತ್ತೆ? ಹಸಿರಲ್ಲೇ ನಿಂತುಬಿಟ್ಟರೆ?

ಯಂತ್ರಜ್ಞೆ_ಶಿವಮೊಗ್ಗ
ನಿಲ್ಲಬಾರದು ಅಂತಲೇ ತೂಕ ಇಟ್ಟಿರುತ್ತಾರೆ. ಎಳೆಯೋರು ಇಲ್ಲದಿದ್ದರೆ ಕೈ ಆ ತೂಕದ ಭಾರಕ್ಕೇ ಅಪಾಯದ ಸ್ಥಾನಕ್ಕೆ, ಅಂದರೆ ‘ನಿಲ್ಲು’ ಅನ್ನೋ ಸ್ಥಾನಕ್ಕೆ, ಹೋಗಬೇಕು. ಇದನ್ನೂ ದೊಡ್ಡ ಬೆಲೆ ಕೊಟ್ಟೇ ಕಲಿತರು. 1876ರ ಜನವರಿಯಲ್ಲಿ ಇಂಗ್ಲೆಂಡಿನ ಆಬಟ್ಸ್ ರಿಪ್ಟನ್‌ನಲ್ಲಿ ಹಿಮ ಸುರಿದು ಸಿಗ್ನಲ್ ಕೈಗಳು ‘ದಾರಿ ಇದೆ’ ಅನ್ನೋ ಸ್ಥಾನದಲ್ಲೇ ಹೆಪ್ಪುಗಟ್ಟಿದವು. ಸಿಗ್ನಲ್‌ಮನ್ ಲಿವರ್ ವಾಪಸ್ ಹಾಕಿದ್ದ, ಕೈ ಮೇಲೇಳಲಿಲ್ಲ. ರೈಲುಗಳು ಒಂದಕ್ಕೊಂದು ಗುದ್ದಿದವು. ಆ ಕಾಲಕ್ಕೆ ಅಲ್ಲಿ ಸಿಗ್ನಲ್ ಸಾಮಾನ್ಯವಾಗಿ ‘ದಾರಿ ಇದೆ’ ಅಂತಲೇ ಇರುತ್ತಿತ್ತು, ತಡೆಯಬೇಕಾದಾಗ ಮಾತ್ರ ಮೇಲೆತ್ತುತ್ತಿದ್ದರು. ಆಮೇಲೆ ತಿರುಗಿಸಿದರು. ಈಗ ಅಪಾಯವೇ ಸಿಗ್ನಲ್ಲಿನ ಸಹಜ ಸ್ಥಿತಿ, ರೈಲು ಬರುವಾಗ ಮಾತ್ರ ಅನುಮತಿ.

ದಾವಣಗೆರೆ_ಬೆಣ್ಣೆದೋಸೆ
ಹಳೇ ಕೈ ಸಿಗ್ನಲ್ ನೋಡೋದೇ ಚೆಂದ. ‘ಕೈ ಬಿತ್ತು, ರೈಲು ಬಂತು’ ಅಂತ ಅಜ್ಜಿ ಚೀಲ ಎತ್ತಿಕೊಳ್ತಿದ್ದರು.

ಶ್ರೂಸ್‌ಬರಿ_ಸೊಸೆ
ನೋಡಬೇಕು ಅನ್ನೋರು ನಮ್ಮೂರಿಗೆ ಬನ್ನಿ. ಇಂಗ್ಲೆಂಡಿನ ಶ್ರೂಸ್‌ಬರಿ ಸ್ಟೇಷನ್ ಪಕ್ಕದಲ್ಲೇ ಸೆವರ್ನ್ ಬ್ರಿಜ್ ಜಂಕ್ಷನ್ ಸಿಗ್ನಲ್ ಬಾಕ್ಸ್ ಇದೆ. 1903ರದ್ದು, 180 ಲಿವರ್. ಕೈಯಲ್ಲಿ ಎಳೆಯೋ ಬಾಕ್ಸ್‌ಗಳಲ್ಲಿ ಜಗತ್ತಿನಲ್ಲಿ ಉಳಿದಿರೋ ಅತಿ ದೊಡ್ಡದು. ಎಷ್ಟೋ ಲಿವರ್‌ಗಳಿಗೆ ಈಗ ಕೆಲಸವಿಲ್ಲ, ಆದರೆ ಬಾಕ್ಸ್ ಮ್ಯೂಸಿಯಂ ಆಗಿಲ್ಲ, ರೈಲು ನಡೆಸುತ್ತಿದೆ. ಪ್ಲಾಟ್‌ಫಾರ್ಮ್‌ನಲ್ಲಿ ನಿಂತರೇ ಕಾಣುತ್ತೆ, ಮೂರು ಮಹಡಿ ಎತ್ತರ.

ಪೆನ್ಸಿಲ್ವೇನಿಯಾ_ಕನ್ನಡಿಗ
180! ನಾನು ನೋಡಿದ್ದರಲ್ಲಿ 113 ಇದ್ದವು, ಆದರೆ ಅವು ಕೈಗೆ ಹಗುರ. ಮಗಳೇ ಬೆರಳಲ್ಲಿ ಎಳೆದಳು. ಅಷ್ಟು ಸಣ್ಣ ಹಿಡಿಯಿಂದ ಅಷ್ಟು ದೂರದ ಹಳಿ ಹೇಗೆ ತಿರುಗುತ್ತೆ?

ಹಳಿ_ಹುಚ್ಚ
ಅದು ಗಾಳಿಯ ಕೆಲಸ. ಹ್ಯಾರಿಸ್ ಟವರಿನ ಯಂತ್ರ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ಕಂಪನಿಯದ್ದು. ಆ ಕಂಪನಿ ಕಟ್ಟಿದ್ದು ಜಾರ್ಜ್ ವೆಸ್ಟಿಂಗ್‌ಹೌಸ್, 1881ರಲ್ಲಿ, ನಿಮ್ಮದೇ ಪೆನ್ಸಿಲ್ವೇನಿಯಾದಲ್ಲಿ. ರೈಲಿಗೆ ಏರ್ ಬ್ರೇಕ್ ಕೊಟ್ಟವನೂ ಅವನೇ. ಲಿವರ್ ಬರೀ ವಿದ್ಯುತ್ ಸಂಪರ್ಕ ಕೊಡುತ್ತೆ, ಅಲ್ಲಿ ಹಳಿ ಪಕ್ಕದ ಸಿಲಿಂಡರಿಗೆ ಒತ್ತಿದ ಗಾಳಿ ನುಗ್ಗಿ ಪಾಯಿಂಟ್ ತಳ್ಳುತ್ತೆ. ಹಳಿ ಪೂರ್ತಿ ತಿರುಗಿದೆ ಅಂತ ವಾಪಸ್ ಸುದ್ದಿ ಬರೋ ತನಕ ಲಿವರ್ ತನ್ನ ಕೊನೆ ಮುಟ್ಟಲ್ಲ. ಆದರೂ ಯಂತ್ರದೊಳಗೆ ಲಿವರ್‌ಗಳ ನಡುವಿನ ಬೀಗ ಮಾತ್ರ ಉಕ್ಕಿನದ್ದೇ. ಮಗಳಿಗೆ ಅಲ್ಲಾಡದೆ ನಿಂತದ್ದು ಅದೇ.

ಕೋಡ್_ಬರೆಯೋನು
ಎಲ್ಲ ಒಪ್ಪಿದೆ. ಆದರೂ ಒಂದು ಮಾತು ಹೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ಈ ಕ್ಯಾಬಿನ್‌ಗಳು ಹೋಗಿದ್ದೇ ಒಳ್ಳೇದಾಯ್ತು. ಮನುಷ್ಯ ಸುಸ್ತಾಗ್ತಾನೆ, ನಿದ್ದೆ ಮಾಡ್ತಾನೆ, ಮರೀತಾನೆ. ಕಂಪ್ಯೂಟರ್ ನಡೆಸೋ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ ಮರೆಯಲ್ಲ.

ಕ್ಯಾಬಿನ್_ಮನೆ_ಹುಡುಗ
ಬೇಜಾರು ಯಾಕೆ. ಆದರೆ ನಮ್ಮಪ್ಪ ಮರೆತರೂ ಲಿವರ್ ಬಿಡ್ತಿರಲಿಲ್ಲ, ಅದನ್ನೇ ಅಲ್ವಾ ಇಷ್ಟು ಹೊತ್ತು ಮಾತಾಡಿದ್ದು?

ಟೋಕನ್_ಮಾಸ್ಟರ್
ಇಬ್ಬರ ಮಾತಿನಲ್ಲೂ ಅರ್ಧ ಇದೆ. ಉಕ್ಕಿನ ಬೀಗಕ್ಕೆ ಗೊತ್ತಿರೋದು ಲಿವರ್‌ಗಳ ವಿಚಾರ ಮಾತ್ರ. ಹಳಿ ಮೇಲೆ ರೈಲು ನಿಂತಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಮೇನ್ ಲೈನಿಗೆ ಪಾಯಿಂಟ್ ಸರಿಯಿದೆ, ಲಾಕ್ ಸರಿಯಿದೆ, ಆದರೆ ಮೇನ್ ಲೈನಿನಲ್ಲಿ ಒಂದು ಗೂಡ್ಸ್ ನಿಂತಿದೆ ಅಂತಿಟ್ಕೊಳ್ಳಿ. 2ನೇ ಲಿವರ್ ಆರಾಮಾಗಿ ಬರುತ್ತೆ. ಅಲ್ಲಿ ಕಾಪಾಡೋದು ಕ್ಯಾಬಿನ್‌ಮನ್ ಕಣ್ಣು, ಮಾಸ್ಟರ್ ರಿಜಿಸ್ಟರ್. ಕ್ಯಾಬಿನ್ ಮಹಡಿ ಮೇಲೆ ಕಟ್ಟಿ ಸುತ್ತ ಕಿಟಕಿ ಇಟ್ಟದ್ದು ಅದಕ್ಕೇ.

ಇತಿಹಾಸ_ಪ್ರಿಯೆ
ಸರ್ ಹೇಳಿದ್ದು ಅಕ್ಷರಶಃ ನಡೆದಿದೆ. ಸ್ಕಾಟ್ಲೆಂಡಿನ ಕ್ವಿಂಟಿನ್ಸ್‌ಹಿಲ್, 1915ರ ಮೇ 22. ಎರಡೂ ಲೂಪ್‌ಗಳಲ್ಲಿ ಗೂಡ್ಸ್ ಗಾಡಿಗಳು ಇದ್ದವು. ಹಾಗಾಗಿ ಒಂದು ಲೋಕಲ್ ರೈಲನ್ನು ಎದುರು ದಿಕ್ಕಿನ ಮೇನ್ ಲೈನಿಗೆ ತಂದು ನಿಲ್ಲಿಸಿದರು, ಸಿಗ್ನಲ್ ಬಾಕ್ಸಿನ ಕಿಟಕಿಯ ಎದುರಿಗೇ. ಬಾಕ್ಸಿನಲ್ಲಿ ಪಾಳಿ ಬದಲಾಗುತ್ತಿತ್ತು. ಹೊಸಬ ತಡವಾಗಿ ಬಂದಿದ್ದ, ಅದನ್ನು ಮುಚ್ಚೋಕೆ ಹಳೇ ನಮೂದುಗಳನ್ನು ತನ್ನ ಕೈಬರಹದಲ್ಲಿ ರಿಜಿಸ್ಟರಿಗೆ ಇಳಿಸುತ್ತಿದ್ದ. ತಾನೇ ಬಂದಿಳಿದ ಲೋಕಲ್ ಅನ್ನೇ ಮರೆತ. ಅದೇ ಲೈನಿಗೆ ಸೈನಿಕರ ರೈಲು ಬರೋಕೆ ಸಿಗ್ನಲ್ ಕೊಟ್ಟ. ಸೈನಿಕರ ರೈಲು ಲೋಕಲ್‌ಗೆ ಬಡಿಯಿತು, ನಿಮಿಷದೊಳಗೆ ಲಂಡನ್ನಿಂದ ಬಂದ ಎಕ್ಸ್‌ಪ್ರೆಸ್ ಆ ರಾಶಿಗೆ ನುಗ್ಗಿತು. ಬೋಗಿಗಳಿಗೆ ಗ್ಯಾಸ್ ದೀಪ, ಬೆಂಕಿ ಹತ್ತಿತು. ಸತ್ತವರು 220ಕ್ಕೂ ಹೆಚ್ಚು, ಬಹುತೇಕ ರಾಯಲ್ ಸ್ಕಾಟ್ಸ್ ಸೈನಿಕರು.

ಮರೆಯದಿರಲಿ ಅಂತ ಅಲ್ಲಿ ಲಿವರ್ ಕಾಲರ್ ಅನ್ನೋ ಕಬ್ಬಿಣದ ಬಳೆ ಇತ್ತು. ಲೈನಿನಲ್ಲಿ ರೈಲು ನಿಂತಿದ್ದರೆ ಸಿಗ್ನಲ್ ಲಿವರಿನ ಹಿಡಿಗೆ ಅದನ್ನು ಹಾಕಬೇಕು. ಹಾಕಿದ್ದರೆ ಲಿವರ್ ಎಳೆಯೋಕೆ ಆಗುತ್ತಿರಲಿಲ್ಲ. ಯಾರೂ ಹಾಕಿರಲಿಲ್ಲ. ಇಬ್ಬರು ಸಿಗ್ನಲ್‌ಮನ್‌ಗಳೂ ಜೈಲಿಗೆ ಹೋದರು.

ಮೈಸೂರು_ಪ್ಯಾಸೆಂಜರ್
ಕಿಟಕಿ ಎದುರಿಗೇ ನಿಂತಿದ್ದ ರೈಲು... ಓದಿ ಕೈಕಾಲು ತಣ್ಣಗಾಯ್ತು.

ಕೋಡ್_ಬರೆಯೋನು
ನಾನು ಹೇಳಿದ್ದೂ ಅದನ್ನೇ. ಹಳಿ ಮೇಲೆ ರೈಲಿದೆ ಅಂತ ಯಂತ್ರಕ್ಕೇ ಗೊತ್ತಾಗಬೇಕು.

ಯಂತ್ರಜ್ಞೆ_ಶಿವಮೊಗ್ಗ
ಅದಕ್ಕೆ ಕಂಪ್ಯೂಟರ್ ತನಕ ಕಾಯಬೇಕಾಗಿರಲಿಲ್ಲ. ಟ್ರ್ಯಾಕ್ ಸರ್ಕ್ಯೂಟ್ 1872ರಲ್ಲೇ ಬಂತು, ವಿಲಿಯಂ ರಾಬಿನ್ಸನ್ ಮಾಡಿದ್ದು, ಅದೂ ಅಮೆರಿಕದಲ್ಲಿ. ಎರಡು ಹಳಿಗಳಲ್ಲಿ ಸಣ್ಣ ಕರೆಂಟ್ ಹರಿಸಿ ಕೊನೆಯಲ್ಲಿ ರಿಲೇ, ಅಂದರೆ ಕರೆಂಟಿನಿಂದ ನಡೆಯೋ ಸ್ವಿಚ್, ಇಡೋದು. ರೈಲು ಬಂದರೆ ಚಕ್ರ ಮತ್ತು ಅಚ್ಚು ಎರಡೂ ಹಳಿಗಳನ್ನು ಸೇರಿಸಿಬಿಡುತ್ತವೆ, ರಿಲೇಗೆ ಕರೆಂಟ್ ಹೋಗಲ್ಲ, ಸಿಗ್ನಲ್ ಅಪಾಯಕ್ಕೆ ಹೋಗುತ್ತೆ. ತಂತಿ ತುಂಡಾದರೂ, ಬ್ಯಾಟರಿ ಸತ್ತರೂ ಫಲ ಒಂದೇ: ಅಪಾಯ. ಕ್ವಿಂಟಿನ್ಸ್‌ಹಿಲ್‌ನಲ್ಲಿ ಇದು ಇರಲಿಲ್ಲ.

ಇದು ಬರೋಕೆ ಮೊದಲು ಪಾಯಿಂಟ್ ಮೇಲೆ ರೈಲು ಇರುವಾಗ ತಿರುಗಿಸಬಾರದು ಅಂತ ಲಾಕ್ ಬಾರ್ ಇಡ್ತಿದ್ದರು. ಹಳಿಗೆ ಒತ್ತಿಕೊಂಡು ಸುಮಾರು 40 ಅಡಿ ಉದ್ದದ ಪಟ್ಟಿ. ಲಾಕ್ ಲಿವರ್ ಎಳೆದರೆ ಅದು ಮೇಲೆದ್ದು ಇಳೀಬೇಕು. ಮೇಲೆ ಚಕ್ರ ಇದ್ದರೆ ಏಳಲ್ಲ, ಲಾಕ್ ಬಿಡಲ್ಲ. ಎರಡು ಚಕ್ರಗಳ ನಡುವಿನ ಸಂದಿಯಲ್ಲಿ ಏಳದ ಹಾಗೆ ಅಷ್ಟು ಉದ್ದ.

ಗೇಟ್_ಹತ್ರ_ಮನೆ
ನಮ್ಮ ಬಡಾವಣೆ ಗೇಟ್ ಯಾಕೆ ಅಷ್ಟು ಬೇಗ ಹಾಕ್ತಾರೆ ಅಂತ ಯಾರಾದರೂ ಹೇಳಿ. ರೈಲಿನ ಸುಳಿವೇ ಇರಲ್ಲ, ಬೈಕ್ ಆಫ್ ಮಾಡಿ ನಿಂತಿರ್ತೀವಿ.

ಟೋಕನ್_ಮಾಸ್ಟರ್
ಗೇಟ್ ಕೂಡ ಇಂಟರ್‌ಲಾಕ್ ಆಗಿರುತ್ತೆ. ಗೇಟ್ ಮುಚ್ಚಿ ಬೀಗ ಬೀಳದೆ ಸಿಗ್ನಲ್ ಕೊಡೋಕೆ ಬರಲ್ಲ. ಸಿಗ್ನಲ್ ಕೆಂಪಿದ್ದರೆ ಡ್ರೈವರ್ ವೇಗ ಇಳಿಸಬೇಕು, ಹಾಗಾಗಿ ರೈಲು ದೂರದಲ್ಲಿರುವಾಗಲೇ ಮುಚ್ಚಬೇಕು. ಗೇಟ್‌ಮನ್‌ನನ್ನು ಬೈಯಬೇಡಿ.

ದಾವಣಗೆರೆ_ಬೆಣ್ಣೆದೋಸೆ
ಸರ್, ನಿಮ್ಮ ಹೆಸರಲ್ಲಿರೋ ಟೋಕನ್ ಬಗ್ಗೆಯೂ ಬರೀರಿ. ಡ್ರೈವರಿಗೆ ಬೆತ್ತದ ಬಳೆ ಎತ್ತಿ ಕೊಡ್ತಿದ್ದರಲ್ಲ?

ಟೋಕನ್_ಮಾಸ್ಟರ್
ಬಳೆಯ ಚೀಲದೊಳಗೆ ಇರುತ್ತಿದ್ದದ್ದು ಉಕ್ಕಿನ ಗುಂಡು. ನೀಲ್ಸ್ ಬಾಲ್ ಟೋಕನ್ ಯಂತ್ರದ್ದು. ಸಿಂಗಲ್ ಲೈನಿನಲ್ಲಿ ಎರಡು ಸ್ಟೇಷನ್‌ಗಳ ನಡುವೆ ಒಂದು ಜೋಡಿ ಯಂತ್ರ. ಆ ಕಡೆಯ ಮಾಸ್ಟರ್ ಒಪ್ಪಿ ತನ್ನ ಯಂತ್ರ ತಿರುಗಿಸಿದರೆ ಮಾತ್ರ ಈ ಕಡೆ ಗುಂಡು ಬೀಳುತ್ತೆ. ಒಂದು ಗುಂಡು ಹೊರಗಿರುವಷ್ಟು ಹೊತ್ತು ಎರಡೂ ಯಂತ್ರ ಇನ್ನೊಂದನ್ನು ಕೊಡಲ್ಲ. ಗುಂಡು ಕೈಲಿದ್ದರೆ ಆ ಲೈನ್ ನಿನ್ನದು ಅಂತ ಡ್ರೈವರಿಗೆ ಗ್ಯಾರಂಟಿ. ಮಳೆಗಾಲದ ರಾತ್ರಿ ನಿಲ್ಲದೆ ಹೋಗೋ ಮೇಲ್ ರೈಲಿಗೆ ಬಳೆ ಎತ್ತಿ ಹಿಡಿದು ನಿಂತರೆ ಆ ಗಾಳಿಗೇ ಪಂಚೆ ಹಾರಿಹೋಗೋದು ಅಂತ ನಮ್ಮ ಪಾಯಿಂಟ್ಸ್‌ಮನ್ ಹೇಳ್ತಿದ್ದ. ಇದು ಸ್ಟೇಷನ್‌ಗಳ ನಡುವಿನ ಭದ್ರತೆ. ಕ್ಯಾಬಿನ್ ಲಿವರ್ ಸ್ಟೇಷನ್ ಒಳಗಿನದ್ದು. ಎರಡನ್ನೂ ಒಂದೇ ಅಂದ್ಕೋಬೇಡಿ.

ಕೋಡ್_ಬರೆಯೋನು
ನನ್ನ ವಾದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಈಗಿನ ವ್ಯವಸ್ಥೆಗೆ ಲಿವರ್ ವಿಚಾರವೂ ಗೊತ್ತು, ರೈಲಿನ ವಿಚಾರವೂ ಗೊತ್ತು. ಹಾಗಾದರೆ ಹಳೇದರ ಹಂಬಲ ಯಾಕೆ?

ಬೀರೂರು_ಜಂಕ್ಷನ್
ಹಂಬಲ ಬೇರೆ, ಪಾಠ ಬೇರೆ. ನಮ್ಮ ಪಕ್ಕದ ಹೊಸದುರ್ಗ ರೋಡ್ ಸ್ಟೇಷನ್ ನೆನಪಿದೆಯಾ? 2023ರ ಫೆಬ್ರವರಿ 8. ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ಒಂದು ಲೈನಿಗೆ, ಪಾಯಿಂಟ್ ಇನ್ನೊಂದಕ್ಕೆ. ಲೋಕೋ ಪೈಲಟ್ ಗಮನಿಸಿ ನಿಲ್ಲಿಸಿದ್ದರಿಂದ ಉಳಿಯಿತು. ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ವ್ಯವಸ್ಥೆಯಲ್ಲಿ ಗಂಭೀರ ದೋಷ ಇದೆ ಅಂತ ಮರುದಿನವೇ ಪತ್ರ ಬರೆದರು. ಅಲ್ಲಿದ್ದದ್ದು ಲಿವರ್ ಅಲ್ಲ, ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್.

ಅದೇ ಜೂನ್ 2ಕ್ಕೆ ಒಡಿಶಾದ ಬಹನಾಗಾ ಬಜಾರ್. ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನಿನ ಹಸಿರು, ಪಾಯಿಂಟ್ ಲೂಪಿಗೆ. 290ಕ್ಕೂ ಹೆಚ್ಚು ಜನ ಹೋದರು. ತನಿಖೆಯಲ್ಲಿ ಬಂದದ್ದು ಗೇಟ್ ಕೆಲಸದ ವೇಳೆ ಸಿಗ್ನಲ್ ವೈರಿಂಗ್ ಬದಲಿಸಿದ್ದರಲ್ಲಿ ಆದ ತಪ್ಪು. ಈ ಥ್ರೆಡ್ಡಿನ ಎರಡನೇ ಉತ್ತರದಲ್ಲಿ ಸರ್ ಬರೆದ ನಿಯಮವೇ ಅಲ್ಲಿ ಮುರಿದದ್ದು. 5 ಎಳೆದಿದ್ದರೆ 2 ಬರಬಾರದು.

ಕೋಡ್_ಬರೆಯೋನು
ಅದು ಸಾಫ್ಟ್‌ವೇರ್ ತಪ್ಪಲ್ಲ. ಹೊರಗಿನ ವೈರಿಂಗ್ ತಪ್ಪಿದ್ದರೆ ಯಂತ್ರಕ್ಕೆ ಸುಳ್ಳು ಮಾಹಿತಿ ಹೋಗುತ್ತೆ. ಪಾಯಿಂಟ್ ಮೇನ್ ಲೈನಿಗಿದೆ ಅಂತ ಸುಳ್ಳು ಹೇಳಿದರೆ ಅದು ಹಸಿರು ಕೊಡುತ್ತೆ.

ಟೋಕನ್_ಮಾಸ್ಟರ್
ಅದೇ ವಿಚಾರ ಮಗೂ. ಕ್ಯಾಬಿನ್ ಕೆಳಗಿನ ಲಾಕಿಂಗ್ ರೂಮಿಗೆ ಬೀಗ ಮತ್ತು ಸೀಲ್ ಯಾಕೆ ಇರುತ್ತಿತ್ತು ಅಂದುಕೊಂಡಿರಿ? ಮೇಲೆ ಲಿವರ್ ಎಳೆಯೋನು ಎಷ್ಟೇ ಒದ್ದಾಡಿದರೂ ತಪ್ಪು ದಾರಿ ಕೊಡೋಕೆ ಆಗಲ್ಲ. ಕೆಳಗೆ ಇಳಿದು ಒಂದು ತುಂಡು ತೆಗೆದುಬಿಟ್ಟರೆ ಎಲ್ಲವೂ ಆಗುತ್ತೆ. ಆದ್ದರಿಂದ ಸಿಗ್ನಲ್ ಇಲಾಖೆಯವರು ಬಂದರೆ ಮೊದಲು ಡಿಸ್‌ಕನೆಕ್ಷನ್ ಮೆಮೊ ಕೊಡಬೇಕು. ಮಾಸ್ಟರ್ ಸಹಿ ಹಾಕಬೇಕು. ಕೆಲಸ ಮುಗಿದ ಮೇಲೆ ಇಬ್ಬರೂ ಪಾಯಿಂಟ್, ಸಿಗ್ನಲ್ ಒಂದೊಂದಾಗಿ ಪರೀಕ್ಷೆ ಮಾಡಿ, ರಿಕನೆಕ್ಷನ್ ಬರೆದು, ಆಮೇಲೆ ರೈಲು ಬಿಡಬೇಕು. ‘ಐದು ನಿಮಿಷದ ಕೆಲಸ ಸಾರ್, ಮೆಮೊ ಯಾಕೆ’ ಅನ್ನೋರು ಆಗಲೂ ಇದ್ದರು. ನಾನು ಸಹಿ ಇಲ್ಲದೆ ಬಿಡ್ತಿರಲಿಲ್ಲ, ಬೈಸಿಕೊಂಡಿದ್ದೂ ಉಂಟು. ಉಕ್ಕಿನ ತುಂಡಾಗಲಿ, ವೈರಾಗಲಿ, ಹಿಂಬಾಗಿಲಿಗೆ ಕಾವಲು ಸಡಿಲವಾದರೆ ಇಂಟರ್‌ಲಾಕಿಂಗ್ ಇದ್ದೂ ಇಲ್ಲದ ಹಾಗೆ.

ಕೋಡ್_ಬರೆಯೋನು
ಇದನ್ನು ಒಪ್ತೀನಿ ಸರ್. ಆದರೂ ಹೊಸದೇ ಬೇಕು, ಮೆಮೊ ಜೊತೆಗೆ.

ಯಂತ್ರಜ್ಞೆ_ಶಿವಮೊಗ್ಗ
ನನ್ನದೂ ಅದೇ ಅಭಿಪ್ರಾಯ. ಆದರೆ ಉಕ್ಕಿನದ್ದರಲ್ಲಿ ಒಂದು ಗುಣ ಇತ್ತು. ಲಾಕಿಂಗ್ ರೂಮಿಗೆ ಟಾರ್ಚ್ ಹಿಡಿದು ಇಳಿದರೆ ಕಚ್ಚು, ತುಂಡು ಎಲ್ಲ ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ. ಕಲಿಯೋ ಹುಡುಗರಿಗೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ. ಪ್ರತಿ ವಿಭಾಗದಲ್ಲಿ ಒಂದಾದರೂ ಲಿವರ್ ಫ್ರೇಮ್ ಲಾಕಿಂಗ್ ಸಮೇತ ಉಳಿಸಬೇಕು. ಬರೀ ಲಿವರ್ ನಿಲ್ಲಿಸಿ ಬಣ್ಣ ಹೊಡೆದು ಪಾರ್ಕಿನಲ್ಲಿಟ್ಟರೆ ಏನೂ ತಿಳಿಯಲ್ಲ.

ಹಳಿ_ಹುಚ್ಚ
ಅಮೆರಿಕದಲ್ಲಿ ಟೆಕ್ಸಾಸ್‌ನ ರೋಸೆನ್‌ಬರ್ಗ್‌ನವರು ಹಾಗೆ ಮಾಡಿದ್ದಾರೆ. ಟವರ್ 17, 2004ರಲ್ಲಿ ಮುಚ್ಚಿತು. ಆ ರಾಜ್ಯದಲ್ಲಿ ಜನ ಕೂತು ನಡೆಸುತ್ತಿದ್ದ ಕೊನೇ ಟವರ್ ಅದು. ಇಡೀ ಕಟ್ಟಡವನ್ನೇ ಎತ್ತಿ ಮ್ಯೂಸಿಯಂ ಆವರಣಕ್ಕೆ ತಂದಿಟ್ಟರು.

ಪೆನ್ಸಿಲ್ವೇನಿಯಾ_ಕನ್ನಡಿಗ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳಿಗೆ 2, 3, 5, 6 ಲಿವರ್ ಕಥೆ ಹೇಳಿದೆ. ಈಗ ರಟ್ಟಿನಲ್ಲಿ ಟ್ಯಾಪೆಟ್ ಕತ್ತರಿಸ್ತಿದ್ದಾಳೆ. ನಮ್ಮ ಕಡೆಯ ಒಂದು ಸ್ಟೇಷನ್ನಿನ ನಿಜವಾದ ಲಾಕಿಂಗ್ ಟೇಬಲ್ ಯಾರ ಹತ್ತಿರವಾದರೂ ಇದೆಯಾ?

ಕ್ಯಾಬಿನ್_ಮನೆ_ಹುಡುಗ
ಅಪ್ಪನ ಟ್ರಂಕಿನಲ್ಲಿ ಒಂದು ನೀಲಿ ನಕ್ಷೆ ಇದೆ. ಕ್ಯಾಬಿನ್ ಕೆಡವುವಾಗ ರದ್ದಿಗೆ ಹಾಕಿದ್ದನ್ನು ಕೇಳಿ ತಂದಿದ್ದರು. ಬಲಗಡೆ ಮೂಲೆಯಲ್ಲಿ ಟೇಬಲ್ ಇದೆ, ಮಡಿಕೆಯಲ್ಲಿ ಸ್ವಲ್ಪ ಹರಿದಿದೆ. ಭಾನುವಾರ ಸ್ಕ್ಯಾನ್ ಮಾಡಿ ಹಾಕ್ತೀನಿ.

ಇತಿಹಾಸ_ಪ್ರಿಯೆ
ಸ್ಕ್ಯಾನರ್‌ಗೆ ತೂರಿಸಬೇಡಿ, ಹರಿದು ಎರಡಾಗುತ್ತೆ! ನೆಲದ ಮೇಲೆ ಹರಡಿ, ಮೇಲೆ ಗಾಜು ಇಟ್ಟು ಹಗಲು ಬೆಳಕಿನಲ್ಲಿ ಫೋಟೋ ತೆಗೀರಿ. ಬಿಸಿಲು ನೇರ ಬೀಳದಿರಲಿ, ನೀಲಿ ನಕ್ಷೆ ಬೇಗ ಮಾಸುತ್ತೆ.

ಟೋಕನ್_ಮಾಸ್ಟರ್
ಹಾಕಿ ತಮ್ಮಾ. ಓದೋಕೆ ಆಗದ ಸಾಲು ಇದ್ದರೆ ನಾನು ಬಿಡಿಸಿ ಹೇಳ್ತೀನಿ.